ಕಣ್ಣಿನ ಫಂಗಸ್ ಹುಣ್ಣಿಗೆ ಹಳೇ ಬಿಳಿ ಹನಿಯೇ ಸಾಕಾ, ಹೊಸ ಔಷಧಿ ಕೇಳಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಹಾವೇರಿ ಹತ್ತಿರದ ಹಳ್ಳಿ, ಗೋವಿನಜೋಳದ ತೆನೆ ಮುರಿಯುವಾಗ ನಿಮ್ಮ ತಂದೆಯವರ ಕಣ್ಣಿಗೆ ಒಣ ಗರಿ ಬಡಿದಿದೆ. ಮೊದಲು ಊರಿನ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಹನಿ ಹಾಕಿದ್ದೀರಿ, ಕೆಂಪು ಜಾಸ್ತಿಯಾದ ಮೇಲೆ ಹುಬ್ಬಳ್ಳಿಗೆ ಕರೆತಂದಿದ್ದೀರಿ. ಇಲ್ಲಿ ಫಂಗಸ್ ಹುಣ್ಣು ಅಂತ ಹೇಳಿ ನಾಟಾಮೈಸಿನ್ ಹನಿಯನ್ನು ಗಂಟೆಗೊಮ್ಮೆ ಹಾಕಲು ಕೊಟ್ಟಿದ್ದಾರೆ. ಹತ್ತು ದಿನವಾದರೂ ಬಿಳಿ ಕಲೆ ಹಾಗೇ ಇದೆ. ಬೆಂಗಳೂರಿನ ನೆಂಟರು "ಅದು ಓಬೀರಾಯನ ಕಾಲದ ಔಷಧಿ, ಈಗ ವೊರಿಕೊನಜೋಲ್ ಬಂದಿದೆ, ಮಾತ್ರೆಯೂ ಸಿಗುತ್ತೆ, ಅದನ್ನೇ ಕೇಳಿ, ಇಲ್ಲಾಂದ್ರೆ ಆಸ್ಪತ್ರೆ ಬದಲಾಯಿಸಿ" ಅಂತಿದ್ದಾರೆ.

ಹಳೇದು ಅನ್ನುವ ಒಂದೇ ಕಾರಣಕ್ಕೆ ಬದಲಾಯಿಸಲು ಹೋಗಬೇಡಿ. ನಾನು ಡಾಕ್ಟರ್ ಅಲ್ಲ, ಹುಬ್ಬಳ್ಳಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಆಪ್ಟೊಮೆಟ್ರಿಸ್ಟ್. ಕಾರ್ನಿಯಾ, ಅಂದ್ರೆ ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರ, ಅದರ ವಿಭಾಗದಲ್ಲೇ ನನ್ನ ಕೆಲಸ. ಗೋವಿನಜೋಳದ ರಾಶಿ, ಕಬ್ಬು ಕಡಿಯುವ ಕಾಲ ಬಂತೆಂದರೆ ನಿಮ್ಮ ತಂದೆಯವರಂಥ ಪೇಷಂಟ್‌ಗಳು ಬೆಳಗ್ಗೆಯಿಂದಲೇ ಸಾಲಾಗಿ ಕೂತಿರುತ್ತಾರೆ. ನಿಮ್ಮ ನೆಂಟರು ಕೇಳಿದ ಪ್ರಶ್ನೆಯನ್ನು ನಮ್ಮಲ್ಲಿ ಬರುವ ಪ್ರತಿ ಮೂರನೇ ಮನೆಯವರೂ ಕೇಳುತ್ತಾರೆ ಅಂದ್ರೂ ತಪ್ಪಿಲ್ಲ.

ಖುಷಿಯ ವಿಷಯ ಅಂದ್ರೆ, ಈ ಪ್ರಶ್ನೆಗೆ ಸರಿಯಾದ ಸಂಶೋಧನೆ ಆಗಿದೆ. ಅದೂ ಅಮೆರಿಕದ ರೋಗಿಗಳ ಮೇಲಲ್ಲ, ನಮ್ಮಂಥ ಜನರ ಮೇಲೆ. ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ವೆಂಕಟೇಶ ಪ್ರಜ್ಞಾ ಮತ್ತು ಥಾಮಸ್ ಲೀಟ್ಮನ್ ಅದರ ಮುಂದಾಳುಗಳು. 323 ಫಂಗಸ್ ಹುಣ್ಣಿನ ರೋಗಿಗಳನ್ನು ತಗೊಂಡು, ಯಾರಿಗೆ ಯಾವ ಹನಿ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಒಂದು ಗುಂಪಿಗೆ ನಾಟಾಮೈಸಿನ್, ಇನ್ನೊಂದಕ್ಕೆ ವೊರಿಕೊನಜೋಲ್ ಕೊಟ್ಟರು. ಆಗ ಬಹಳ ಜನ ಡಾಕ್ಟರುಗಳ ನಿರೀಕ್ಷೆ ವೊರಿಕೊನಜೋಲ್ ಮೇಲೇ ಇತ್ತು. ಯಾಕಂದ್ರೆ ಅದು ಕಾರ್ನಿಯಾದ ಒಳಗೆ ಚೆನ್ನಾಗಿ ಇಳಿಯುತ್ತೆ, ನಾಟಾಮೈಸಿನ್ ಅಷ್ಟು ಇಳಿಯಲ್ಲ. ಲ್ಯಾಬಿನ ಲೆಕ್ಕದಲ್ಲಿ ಹೊಸದೇ ಗೆಲ್ಲಬೇಕಿತ್ತು.

ಆದದ್ದು ಉಲ್ಟಾ. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರು ತಿಂಗಳ ನಂತರ ಅಕ್ಷರದ ಚಾರ್ಟ್ ಓದಿಸಿದಾಗ ನಾಟಾಮೈಸಿನ್ ಹಾಕಿಕೊಂಡವರು ಸರಾಸರಿ ಸುಮಾರು ಎರಡು ಸಾಲು ಜಾಸ್ತಿ ಓದಿದರು. ಕಣ್ಣು ತೂತಾಗುವುದು, ತುರ್ತಾಗಿ ಕಾರ್ನಿಯಾ ಕಸಿ ಮಾಡಬೇಕಾಗುವುದು ಇವೆಲ್ಲ ನಾಟಾಮೈಸಿನ್ ಗುಂಪಿನಲ್ಲಿ ಸುಮಾರು ಅರ್ಧದಷ್ಟಿತ್ತು. ಫ್ಯುಸೇರಿಯಂ ಅನ್ನುವ ಫಂಗಸ್ ಇದ್ದವರಲ್ಲಂತೂ ವ್ಯತ್ಯಾಸ ಸುಮಾರು ನಾಲ್ಕು ಸಾಲಿನಷ್ಟು, ಅದು ಸಣ್ಣ ಮಾತಲ್ಲ. ಬೇರೆ ಫಂಗಸ್‌ಗಳಲ್ಲಿ ಎರಡೂ ಔಷಧಿ ಹೆಚ್ಚುಕಡಿಮೆ ಒಂದೇ.

ಈ ಫ್ಯುಸೇರಿಯಂ ನಿಮಗೆ ಅಪರಿಚಿತ ಏನಲ್ಲ. ತೊಗರಿಗೆ ನೆಟೆ ರೋಗ ಬರುತ್ತಲ್ಲ, ಕಡಲೆ ಸಿಡಿ ಹಾಯುತ್ತಲ್ಲ, ಅದಕ್ಕೆಲ್ಲ ಕಾರಣ ಇದೇ ಬಳಗದ ಫಂಗಸ್. ಮಣ್ಣಲ್ಲಿ, ಗೋವಿನಜೋಳದ ದಂಟಲ್ಲಿ, ಒಣ ಗರಿಯಲ್ಲಿ ಇರುತ್ತೆ. ಗರಿ ಕಣ್ಣಿಗೆ ಬಡಿದು ಕಾರ್ನಿಯಾದ ಮೇಲ್ಪದರ ಕಿತ್ತರೆ ಅದಕ್ಕೆ ಬಾಗಿಲು ತೆರೆದ ಹಾಗೆ. ದಕ್ಷಿಣ ಭಾರತದ ರೈತರ ಕಣ್ಣಲ್ಲಿ ಹೆಚ್ಚಾಗಿ ಸಿಗುವ ಫಂಗಸ್ ಇದು. ಆಮೇಲೆ ಆಸ್ಪರ್ಜಿಲ್ಲಸ್.

ಮಾತ್ರೆಯ ವಿಷಯ. ಅದನ್ನೂ ಪರೀಕ್ಷೆ ಮಾಡಿದ್ದಾರೆ. ಭಾರತ ಮತ್ತು ನೇಪಾಳದಲ್ಲಿ ದೃಷ್ಟಿ ತುಂಬಾ ಇಳಿದಿದ್ದ, ದೊಡ್ಡ ಹುಣ್ಣಿನ 240 ಜನರಿಗೆ ಹನಿಗಳ ಜೊತೆ ಅರ್ಧ ಜನಕ್ಕೆ ವೊರಿಕೊನಜೋಲ್ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ ಕೊಟ್ಟರು. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಟ್ಟಾರೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಲಿವರ್ ಪರೀಕ್ಷೆಯಲ್ಲಿ ಏರುಪೇರು ಮಾತ್ರ ಮಾತ್ರೆ ತಗೊಂಡವರಲ್ಲೇ ಜಾಸ್ತಿ. ಫ್ಯುಸೇರಿಯಂ ಇದ್ದವರಿಗೆ ಸ್ವಲ್ಪ ಉಪಯೋಗ ಇರಬಹುದು ಅನ್ನುವ ಸುಳಿವು ಸಿಕ್ಕಿತ್ತು, ಹಾಗಾಗಿ ಆಳವಾದ ಹುಣ್ಣಿಗೆ ಕೆಲವು ಡಾಕ್ಟರುಗಳು ಈಗಲೂ ಕೊಡುತ್ತಾರೆ. ಅದು ತಪ್ಪಲ್ಲ. ಆದರೆ ಅದನ್ನು ಕಣ್ಣು ನೋಡಿದವರು ನಿರ್ಧರಿಸಬೇಕು, ಫೋನಲ್ಲಿ ಕೇಳಿದ ನೆಂಟರಲ್ಲ.

ನಾಟಾಮೈಸಿನ್ ಹಳೇದು ಅನ್ನುವುದು ನಿಜವೇ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಮಣ್ಣಿನ ಸೂಕ್ಷ್ಮಾಣುವಿನಿಂದ ಸಿಕ್ಕಿದ್ದು, ಕಣ್ಣಿನ ಹನಿಯಾಗಿ ಅಮೆರಿಕದಲ್ಲಿ 1978ರಲ್ಲಿ ಒಪ್ಪಿಗೆ ಪಡೆದದ್ದು. ಚೀಸ್ ಮೇಲೆ ಬೂಸ್ಟು ಬರದಂತೆ ಹಚ್ಚುವುದೂ ಇದನ್ನೇ, ಕೇಳಿದರೆ ನಗು ಬರುತ್ತೆ! 2022ರಲ್ಲಿ ನೇಪಾಳದಲ್ಲಿ ಇನ್ನೂ ಅಗ್ಗದ ಕ್ಲೋರ್‌ಹೆಕ್ಸಿಡಿನ್ ಹನಿಯನ್ನು ಇದರ ಎದುರು ನಿಲ್ಲಿಸಿ ನೋಡಿದರು. ಆಗಲೂ ಇದೇ ಗೆದ್ದಿತು. 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ.

ಈಗ ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ಬರೋಣ. ನನ್ನ ಪ್ರಕಾರ ಯಾವ ಔಷಧಿ ಅನ್ನುವುದಕ್ಕಿಂತ ಅದು ಕಣ್ಣಿಗೆ ಬೀಳುತ್ತಿದೆಯಾ ಅನ್ನುವುದೇ ಮೊದಲು ನೋಡಬೇಕಾದದ್ದು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ನಾಟಾಮೈಸಿನ್ ನೀರಲ್ಲಿ ಕರಗಲ್ಲ, ಸುಮ್ನೆ ಇಟ್ಟರೆ ಬಿಳಿ ಪುಡಿಯೆಲ್ಲ ತಳಕ್ಕೆ ಕೂರುತ್ತೆ. ಅಲುಗಾಡಿಸದೆ ಹಾಕಿದರೆ ಮೇಲಿನ ತಿಳಿನೀರು ಮಾತ್ರ ಕಣ್ಣಿಗೆ ಹೋಗುತ್ತೆ, ಔಷಧಿ ಬಾಟಲಿಯಲ್ಲೇ ಉಳಿಯುತ್ತೆ. ಎಷ್ಟೋ ಜನ ವಾರದ ನಂತರ ತೋರಿಸಲು ಬಂದಾಗ ಬಾಟಲಿ ಮುಕ್ಕಾಲು ಖಾಲಿ, ತಳದಲ್ಲಿ ಮಾತ್ರ ಸುಣ್ಣದ ಹಾಗೆ ಗಟ್ಟಿ. ಪ್ರತಿ ಸಲ ಚೆನ್ನಾಗಿ ಕುಲುಕಿ, ಹಾಲಿನ ಬಣ್ಣ ಬಂದ ಮೇಲೆ, ಕೆಳರೆಪ್ಪೆ ಎಳೆದು ಒಂದು ಹನಿ ಹಾಕಿ. ಬೇರೆ ಹನಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಬಾಟಲಿ ತುದಿ ರೆಪ್ಪೆಗೆ ತಾಗಬಾರದು.

ಇನ್ನೊಂದು. ಈ ಔಷಧಿ ಹುಣ್ಣಿನ ಮೇಲೆ, ರೆಪ್ಪೆ ಅಂಚಿನಲ್ಲಿ ಬಿಳಿಯಾಗಿ ಅಂಟಿಕೊಳ್ಳುತ್ತೆ. ಮನೆಯವರು ಅದನ್ನು ಕೀವು ಅಂದುಕೊಂಡು ಗಾಬರಿಯಾಗುತ್ತಾರೆ, ಕೆಲವರು ಬಟ್ಟೆಯಿಂದ ಉಜ್ಜಿ ತೆಗೆಯುತ್ತಾರೆ. ಹಾಗೆ ಮಾಡಬೇಡಿ. ನೀವು ನೋಡುತ್ತಿರುವ ಬಿಳಿಯಲ್ಲಿ ಎಷ್ಟು ಹುಣ್ಣು, ಎಷ್ಟು ಔಷಧಿ ಅಂತ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ನೋಡದೆ ಹೇಳಲು ಬರಲ್ಲ. ಮತ್ತೆ ಹುಣ್ಣು ಮಾಗಿದ ಮೇಲೂ ಒಂದು ಬಿಳಿ ಗುರುತು ಉಳಿಯುತ್ತೆ. ನಮ್ಮ ಕಡೆ ಕಣ್ಣಲ್ಲಿ ಹೂ ಬಿದ್ದಿದೆ ಅಂತಾರಲ್ಲ, ಅದೇ. ಬಿಳಿ ಹೋಗಿಲ್ಲ ಅಂದ್ರೆ ವಾಸಿಯಾಗಿಲ್ಲ ಅಂತ ಅರ್ಥವಲ್ಲ.

ಹತ್ತು ದಿನ ಈ ಕಾಯಿಲೆಗೆ ಬಹಳ ಕಮ್ಮಿ. ಮಧುರೈನ ಆ ಅಧ್ಯಯನದಲ್ಲೇ ಮೊದಲ ವಾರ ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ, ಆಮೇಲೆ ಮೂರನೇ ವಾರದವರೆಗೆ ಎರಡು ಗಂಟೆಗೊಮ್ಮೆ ಹನಿ ಹಾಕುತ್ತಿದ್ದರು. ಫಂಗಸ್ ನಿಧಾನವಾಗಿ ಬೆಳೆಯುತ್ತೆ, ನಿಧಾನವಾಗಿಯೇ ಸಾಯುತ್ತೆ. ನೋವು ಕಮ್ಮಿಯಾಗುತ್ತಿದೆಯಾ, ಬೆಳಕು ನೋಡಿದರೆ ಚುಚ್ಚುವುದು ಇಳಿದಿದೆಯಾ ಅಂತ ಅವರನ್ನೇ ಕೇಳಿ. ಅದು ಕಲೆಗಿಂತ ಒಳ್ಳೇ ಸೂಚನೆ. ಆದರೆ ನೋವು ದಿನದಿನಕ್ಕೆ ಏರುತ್ತಿದ್ದರೆ, ಕರಿಗುಡ್ಡೆಯ ಕೆಳಗೆ ಬಿಳಿ ಕೀವು ಗೆರೆಯಂತೆ ನಿಂತರೆ, ಅಥವಾ ಒಮ್ಮೆಲೇ ಬಿಸಿನೀರು ಸುರಿದಂತಾಗಿ ನೋವು ತಟ್ಟನೆ ನಿಂತರೆ ಮುಂದಿನ ಡೇಟ್ ಕಾಯಬೇಡಿ, ಆ ರಾತ್ರಿಯೇ ಹೊರಡಿ. ಕೊನೆಯದು ಕಣ್ಣು ತೂತಾದ ಲಕ್ಷಣ ಇರಬಹುದು.

ನನಗೆ ನಿಜವಾಗಿ ಚಿಂತೆ ಇರುವುದು ಮೆಡಿಕಲ್ ಶಾಪಿನ ಆ ಮೊದಲ ಹನಿಯ ಬಗ್ಗೆ. ಆ ಬಾಟಲಿ ಇನ್ನೂ ಇದ್ದರೆ ಹುಡುಕಿ. ಲೇಬಲ್ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಈ ಮೂರರಲ್ಲಿ ಯಾವುದಾದರೂ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇತ್ತು ಅಂತ ಅರ್ಥ. ಅದು ಹಾಕಿದ ಒಂದೆರಡು ದಿನ ಕೆಂಪು ಇಳಿಯುತ್ತೆ, ಆರಾಮ ಅನಿಸುತ್ತೆ, ಒಳಗೆ ಫಂಗಸ್‌ಗೆ ಮಾತ್ರ ಹಬ್ಬ. ನಿಮ್ಮ ಡಾಕ್ಟರಿಗೆ ಇದನ್ನು ಮುಚ್ಚಿಡಬೇಡಿ, ಬೈಯುತ್ತಾರೆ ಅಂತ ಹೆದರಬೇಡಿ, ಬಾಟಲಿ ತಗೊಂಡೇ ಹೋಗಿ. ಔಡಲೆಣ್ಣೆ, ಎದೆಹಾಲು ಏನಾದರೂ ಹಾಕಿದ್ದರೂ ಹೇಳಿ. ಎಲ್ಲರ ಮನೆಯಲ್ಲೂ ಒಬ್ಬ ಅಜ್ಜಿ ಇರ್ತಾರೆ, ಡಾಕ್ಟರುಗಳಿಗೆ ಅದು ಹೊಸದಲ್ಲ.

ಆಸ್ಪತ್ರೆ ಬದಲಾಯಿಸುವ ಮೊದಲು ಫೈಲ್ ತೆರೆದು ಒಂದು ವಿಷಯ ನೋಡಿ. ಕಾರ್ನಿಯಾ ಕೆರೆದು ಪರೀಕ್ಷೆ ಮಾಡಿದ್ದಾರಾ? ನೋವು ಗೊತ್ತಾಗದಂತೆ ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಅಂಚನ್ನು ಸಣ್ಣ ಬ್ಲೇಡಿನಿಂದ ಕೆರೆದು, ಗಾಜಿನ ಸ್ಲೈಡಿನ ಮೇಲಿಟ್ಟು ಕೆಓಎಚ್ ದ್ರಾವಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಫಂಗಸ್ ಇದ್ದರೆ ದಾರದ ಎಳೆಗಳ ಹಾಗೆ ಕಾಣುತ್ತೆ, ಬೇಗ ಗೊತ್ತಾಗುತ್ತೆ. ಕೆರೆದದ್ದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ರಿಪೋರ್ಟ್‌ಗೆ ಮಾತ್ರ ದಿನಗಟ್ಟಲೆ ಬೇಕು. ಪರೀಕ್ಷೆ ಆಗಿದ್ದು, ಹನಿಯನ್ನು ಸರಿಯಾಗಿ ಹಾಕುತ್ತಿದ್ದೂ ಎರಡು ವಾರಕ್ಕೆ ಹುಣ್ಣು ಹರಡುತ್ತಲೇ ಇದೆ ಅಂದ್ರೆ ಅವರೇ ವೊರಿಕೊನಜೋಲ್ ಸೇರಿಸಬಹುದು, ನಾಟಾಮೈಸಿನ್ ತೆಗೆದು ಅಲ್ಲ, ಅದರ ಜೊತೆಗೆ. ಕೆರೆದೇ ಇಲ್ಲ, ಬರೀ ನೋಡಿ ಔಷಧಿ ಬರೆದಿದ್ದಾರೆ ಅಂದ್ರೆ ಆಗ ಕಾರ್ನಿಯಾ ತಜ್ಞರಿರುವ ಕಡೆ ಹೋಗುವುದು ಸರಿ. ಅದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ, ಹುಬ್ಬಳ್ಳಿ-ಧಾರವಾಡದಲ್ಲೇ ಇದ್ದಾರೆ.

ಹನಿಯಿಂದ ಹತೋಟಿಗೆ ಬರದಿದ್ದರೆ ಕಾರ್ನಿಯಾ ಕಸಿ ಮಾಡಬೇಕಾಗಬಹುದು. ಆ ಹಂತದಲ್ಲಿ ಮಾಡುವ ಕಸಿ ದೃಷ್ಟಿಗಲ್ಲ, ಸೋಂಕನ್ನು ಕತ್ತರಿಸಿ ತೆಗೆದು ಗುಡ್ಡೆ ಉಳಿಸಲು. ದೃಷ್ಟಿಯ ಮಾತು ಆಮೇಲೆ.

ರಿಪೋರ್ಟಿನಲ್ಲಿ ಫಂಗಸ್ ಹೆಸರು ಬಂದಿದ್ದರೆ ಅದನ್ನೂ, ಮೊದಲು ಹಾಕಿದ ಹನಿಯ ಲೇಬಲ್‌ನಲ್ಲಿ ಏನಿದೆ ಅನ್ನುವುದನ್ನೂ ಇಲ್ಲೇ ಕೆಳಗೆ ಬರೆಯಿರಿ. ನಾಳೆ ಡಾಕ್ಟರಿಗೆ ಏನು ಕೇಳಬೇಕು ಅಂತ ನೋಡಿ ಹೇಳ್ತೀನಿ. ತಂದೆಯವರ ಹೆಸರು, ಪೇಷಂಟ್ ನಂಬರ್ ಇರುವ ಭಾಗ ಹಾಕಬೇಡಿ.