ಮೂರು ಪಂಚಾಯಿತಿಗಳ ನಡುವಿನ ಒಂದು ತಿರುವು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಸದಸ್ಯೆ. ನಮ್ಮ ಊರಿನ ಮುಖ್ಯರಸ್ತೆ ಹತ್ತು ಹನ್ನೆರಡು ಕಿಲೋಮೀಟರಿನೊಳಗೆ ಮೂರು ಪಂಚಾಯಿತಿಗಳನ್ನು ದಾಟುತ್ತದೆ. ನಮ್ಮ ಗಡಿಯ ಒಂದು ಇಳಿಜಾರು ತಿರುವಿನಲ್ಲಿ ಮಳೆಗಾಲ ಬಂತೆಂದರೆ ಬೈಕುಗಳು ಬೀಳುತ್ತಲೇ ಇರುತ್ತವೆ. ಪಕ್ಕದ ಪಂಚಾಯಿತಿಯವರು ತಿರುವು ನಿಮ್ಮದು ಎನ್ನುತ್ತಾರೆ. ನಮ್ಮವರು ರಸ್ತೆ ಲೋಕೋಪಯೋಗಿ ಇಲಾಖೆಯದು ಎನ್ನುತ್ತಾರೆ. ಇಲಾಖೆಯವರು ಈ ಜಾಗ ಬ್ಲ್ಯಾಕ್ ಸ್ಪಾಟ್ (ಪದೇಪದೇ ಅಪಘಾತವಾಗುವ ಜಾಗ) ಪಟ್ಟಿಯಲ್ಲಿಲ್ಲ ಎನ್ನುತ್ತಾರೆ. ನಾವೇ ನಿರ್ಣಯ ಮಾಡಿ ಅಲ್ಲಿ ವೇಗ ತಗ್ಗಿಸುವ ಉಬ್ಬು ಹಾಕಿಸಬಹುದೇ?

ಉತ್ತರ: ಉಬ್ಬು ಹಾಕಿಸುವಂತೆ ಕೇಳಿ ನಿರ್ಣಯ ಮಾಡಬಹುದು, ಆದರೆ ನೀವೇ ಹಾಕಿಸುವಂತಿಲ್ಲ. ರಸ್ತೆ ಯಾರ ಸ್ವಾಧೀನದಲ್ಲಿದೆಯೋ ಅವರು ಮಾತ್ರ ಅದರ ಮೇಲೆ ಉಬ್ಬು ನಿರ್ಮಿಸಬಹುದು. ಉಬ್ಬಿನ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಂಚೆ ನಿಮ್ಮ ಪತ್ರದಲ್ಲೇ ಇರುವ ಒಂದು ಸುಳಿವನ್ನು ಗಮನಿಸಬೇಕು. ಬೀಳುತ್ತಿರುವುದು ಬೈಕುಗಳು, ಬೀಳುತ್ತಿರುವುದು ಮಳೆಗಾಲದಲ್ಲಿ, ಮತ್ತು ನೀವು ಬರೆದಿರುವುದನ್ನು ನೋಡಿದರೆ ಎದುರಿನ ವಾಹನಕ್ಕೆ ಡಿಕ್ಕಿಯಾಗದೆ ತಾವಾಗಿಯೇ ಜಾರಿ ಬೀಳುತ್ತಿವೆ. ಇಂಥ ಅಪಘಾತಕ್ಕೆ ವೇಗ ಒಂದು ಕಾರಣವಿರಬಹುದು, ಆದರೆ ನಾನು ಮೊದಲು ಸಂಶಯಪಡುವುದು ಡಾಂಬರಿನ ಮೇಲೆ ಏನು ಹರಿದು ಬಂದಿದೆ ಎಂಬುದನ್ನು.

ಕೊಡಗಿನ ರಸ್ತೆಗಳಲ್ಲಿ ಇದು ಬಹಳ ಸಾಮಾನ್ಯವಾದ ದೃಶ್ಯ. ಮೇಲಿನ ತೋಟದ ಕೂಡುದಾರಿಯಿಂದ ಕೆಮ್ಮಣ್ಣು ಮಳೆನೀರಿನೊಡನೆ ಇಳಿದು ಮುಖ್ಯರಸ್ತೆಗೆ ಬರುತ್ತದೆ. ಬದಿಯ ಚರಂಡಿ ತರಗೆಲೆ, ಕಾಫಿ ಗಿಡದಿಂದ ಸವರಿದ ಕಡ್ಡಿ ಮತ್ತು ಬರೆಯಿಂದ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬದಿಂದ) ಜರಿದ ಮಣ್ಣಿನಿಂದ ತುಂಬಿರುತ್ತದೆ. ರಸ್ತೆಯಡಿ ನೀರು ದಾಟಿಸುವ ಮೋರಿಯ ಬಾಯಿ ಮುಚ್ಚಿರುತ್ತದೆ. ಹೋಗಲು ದಾರಿಯಿಲ್ಲದ ನೀರು ರಸ್ತೆಯನ್ನೇ ಚರಂಡಿ ಮಾಡಿಕೊಂಡು ಇಳಿದು, ಹೊರಳುವ ಜಾಗದಲ್ಲಿ ತೆಳುವಾದ ಕೆಸರಿನ ಪದರವನ್ನು ಬಿಟ್ಟು ಮುಂದೆ ಹೋಗುತ್ತದೆ. ಹಗಲಲ್ಲಿ ಅದು ಒದ್ದೆ ರಸ್ತೆಯಂತೆ ಮಾತ್ರ ಕಾಣುತ್ತದೆ. ಕಾರಿನವರಿಗೆ ಗೊತ್ತೂ ಆಗುವುದಿಲ್ಲ. ತಿರುವಿನಲ್ಲಿ ವಾಲಿ ಬ್ರೇಕ್ ಹಿಡಿದ ಬೈಕಿನವರು ನೆಲ ಕಾಣುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮುಚ್ಚಿದ ಆ ಮೋರಿ ತಿರುವಿನಲ್ಲೇ ಇರಬೇಕೆಂದಿಲ್ಲ, ಅದು ಇನ್ನೂರು ಮುನ್ನೂರು ಮೀಟರ್ ಮೇಲೆ, ಅಂದರೆ ನಿಮ್ಮ ವಿಷಯದಲ್ಲಿ ಬಹುಶಃ ಪಕ್ಕದ ಪಂಚಾಯಿತಿಯ ಎಲ್ಲೆಯೊಳಗೆ ಇರಬಹುದು. ‘ತಿರುವು ನಿಮ್ಮದು’ ಎಂದು ಅವರು ಹೇಳಿದ್ದು ನಿಜವೇ ಆದರೂ, ನೀರು ಅವರದಾಗಿದ್ದರೆ ಆ ಮಾತಿನಿಂದ ಏನು ಬಂತು?

ಆದ್ದರಿಂದ ಮೊದಲ ಕೆಲಸವಾಗಿ, ಮೂರೂ ಪಂಚಾಯಿತಿಗಳಿಂದ ಒಬ್ಬೊಬ್ಬರು, ಸಾಧ್ಯವಾದರೆ ಲೋಕೋಪಯೋಗಿ ಇಲಾಖೆಯ ವಿಭಾಗದ ಕಿರಿಯ ಇಂಜಿನಿಯರರನ್ನೂ ಕರೆದುಕೊಂಡು, ಮಳೆ ಸುರಿಯುತ್ತಿರುವಾಗಲೇ ಆ ರಸ್ತೆಯಲ್ಲಿ ನಡೆಯಿರಿ. ಜೀಪಿನಲ್ಲಿ ಕುಳಿತು ನೋಡಿದರೆ ಏನೂ ತಿಳಿಯುವುದಿಲ್ಲ. ನೀರು ಎಲ್ಲಿ ರಸ್ತೆಗೆ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಕಿಲೋಮೀಟರ್ ಕಲ್ಲಿನಿಂದ ಅಳೆದು ಬರೆದುಕೊಳ್ಳಿ.

ಎರಡನೆಯ ನಡಿಗೆಯನ್ನು ಬಿಸಿಲಿನ ದಿನ ಮಾಡಿ, ನೋಟದ ದೂರವನ್ನು, ಅಂದರೆ ತಿರುವಿನಲ್ಲಿ ಚಾಲಕನಿಗೆ ಮುಂದಿನ ರಸ್ತೆ ಎಷ್ಟು ದೂರ ಕಾಣುತ್ತದೆ ಎಂಬುದನ್ನು, ಅಳೆಯಿರಿ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನಂತೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ವಾಹನಕ್ಕೆ ನಿಲ್ಲಲು 45 ಮೀಟರ್ ಬೇಕು. ಅದರಲ್ಲಿ ಸುಮಾರು 28 ಮೀಟರ್, ಚಾಲಕ ಅಪಾಯವನ್ನು ಕಂಡು ಬ್ರೇಕಿಗೆ ಕಾಲು ಒಯ್ಯುವ ಎರಡೂವರೆ ಸೆಕೆಂಡಿನಲ್ಲೇ ಕಳೆದುಹೋಗುತ್ತದೆ. ವೇಗ 30ಕ್ಕೆ ಇಳಿದರೆ 30 ಮೀಟರ್ ಸಾಕು. ಒಂದೇ ವಾಹನ ಹಿಡಿಸುವ ರಸ್ತೆಯಲ್ಲಿ ಎರಡು ಕಡೆಯಿಂದಲೂ ವಾಹನ ಬರುವುದರಿಂದ ಇದರ ಎರಡರಷ್ಟು ದೂರ ಕಾಣಬೇಕು. ಅಳೆಯುವುದು ಕಷ್ಟವಲ್ಲ. ತಿರುವಿನ ಆಚೆ ರಸ್ತೆಯ ಮೇಲೆ 15 ಸೆಂಟಿಮೀಟರ್ ಎತ್ತರದ ಒಂದು ಡಬ್ಬವನ್ನಿಟ್ಟು, ಈಚೆ ಒಬ್ಬರು ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿರುವಂತೆ ಬಗ್ಗಿ, ಡಬ್ಬ ಮೊದಲು ಕಾಣಿಸುವ ಜಾಗದಲ್ಲಿ ಸುಣ್ಣದ ಗೆರೆ ಎಳೆದು, ರಸ್ತೆಯ ಮಧ್ಯದ ಗುಂಟ ಟೇಪು ಹಿಡಿದರೆ ಆಯಿತು. ವಾಹನ ತಡೆಯಲು ಎರಡೂ ತುದಿಯಲ್ಲಿ ಕೆಂಪು ಬಟ್ಟೆ ಹಿಡಿದವರಿರಲಿ. ಬಹಳಷ್ಟು ಕಡೆ ನೋಟಕ್ಕೆ ಅಡ್ಡವಾಗಿರುವುದು ಗುಡ್ಡವಲ್ಲ, ಒಳತಿರುವಿನಲ್ಲಿ ಬೆಳೆದ ಲಂಟಾನ ಮತ್ತು ತೋಟದ ಬೇಲಿ. ಅದನ್ನು ಸವರಲು ಟೆಂಡರ್ ಬೇಕಿಲ್ಲ, ತೋಟದ ಮಾಲೀಕರ ಒಪ್ಪಿಗೆ ಮತ್ತು ಎರಡು ಕತ್ತಿ ಸಾಕು.

ಈಗ ಪಟ್ಟಿಯ ವಿಷಯ. ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆಯಂತೆ, ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳು ನಡೆದಿದ್ದರೆ, ಇಲ್ಲವೇ ಹತ್ತು ಸಾವುಗಳಾಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಇದು ಮೂಲತಃ ರಾಷ್ಟ್ರೀಯ ಹೆದ್ದಾರಿಗಳಿಗಾಗಿ ಮಾಡಿದ ಲೆಕ್ಕ. ವಾಹನ ದಟ್ಟಣೆ ಕಡಿಮೆಯಿರುವ, ತಿರುವು ಮೇಲೆ ತಿರುವಿರುವ ಗುಡ್ಡದ ರಸ್ತೆಯಲ್ಲಿ ಅಪಘಾತಗಳು ಒಂದೇ ಕಡೆ ಗುಂಪುಗೂಡದೆ ಹತ್ತು ಕಿಲೋಮೀಟರಿಗೆ ಹಂಚಿಹೋಗುತ್ತವೆ. ಇಡೀ ರಸ್ತೆ ಅಪಾಯಕಾರಿಯಾಗಿದ್ದರೂ ಅದರ ಯಾವೊಂದು ತುಂಡೂ ಪಟ್ಟಿಗೆ ಸೇರದೆ ಉಳಿಯಬಹುದು. ಮೇಲಾಗಿ, ಬೈಕಿನಿಂದ ಬಿದ್ದು ಕೈ ಮುರಿದುಕೊಂಡವರನ್ನು ಯಾರದೋ ಪಿಕಪ್ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿ, ಠಾಣೆಗೆ ಹೋಗದೆ ಮನೆಗೆ ಮರಳುವುದು ನಮ್ಮಲ್ಲಿ ರೂಢಿ. ಪ್ರಕರಣ ದಾಖಲಾಗದಿದ್ದರೆ ಸರ್ಕಾರದ ಲೆಕ್ಕದಲ್ಲಿ ಆ ಅಪಘಾತ ನಡೆದೇ ಇಲ್ಲ.

ಹಾಗಾಗಿ ಮೂರೂ ಪಂಚಾಯಿತಿಗಳು ಸೇರಿ ಆ ರಸ್ತೆಗೆಂದೇ ಒಂದು ಅಪಘಾತ ಪುಸ್ತಕ ಇಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ದಿನಾಂಕ, ಗಂಟೆ, ಮಳೆಯೋ ಮಂಜೋ ಬಿಸಿಲೋ, ವಾಹನ ಯಾವುದು, ಏರುತ್ತಿತ್ತೋ ಇಳಿಯುತ್ತಿತ್ತೋ, ಎಷ್ಟನೆಯ ಕಿಲೋಮೀಟರ್ ಕಲ್ಲಿನ ಬಳಿ ಎಂಬಿಷ್ಟೇ ಸಾಕು; ಬಿದ್ದವರ ಹೆಸರು ಬೇಡ, ತಪ್ಪು ಯಾರದೆಂಬ ವಿಚಾರಣೆಯೂ ಬೇಡ. ಆಶಾ ಕಾರ್ಯಕರ್ತೆಯರಿಗೆ, ರಸ್ತೆ ಬದಿಯ ಅಂಗಡಿಯವರಿಗೆ ಮತ್ತು ಆಟೊ ಚಾಲಕರಿಗೆ ಗೊತ್ತಿರುವಷ್ಟು ಅಪಘಾತಗಳು ಬೇರೆ ಯಾವ ಕಡತದಲ್ಲೂ ಇರುವುದಿಲ್ಲ.

ಉಬ್ಬಿನ ಮಾತು. ರಾಷ್ಟ್ರೀಯ ಹೆದ್ದಾರಿಯಲ್ಲಂತೂ ಉಬ್ಬಿಗೆ ಅವಕಾಶವಿಲ್ಲ. ಉಳಿದ ರಸ್ತೆಗಳಲ್ಲಿ ಮಾನದಂಡದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು, ವಾಹನ ಗಂಟೆಗೆ 25 ಕಿಲೋಮೀಟರಿನಲ್ಲಿ ಸಲೀಸಾಗಿ ದಾಟುವಂತಿರಬೇಕು. ಮುಂಚಿತವಾಗಿ ಸೂಚನಾ ಫಲಕವೂ, ಮೇಲೆ ಬಣ್ಣವೂ ಇರಬೇಕು. ನಾವು ಊರೂರಿನಲ್ಲಿ ಕಾಣುವ, ಉಳಿದ ಜಲ್ಲಿ ಡಾಂಬರಿನಲ್ಲಿ ರಾತ್ರೋರಾತ್ರಿ ಕಟ್ಟಿದ ಕಿರಿದಾದ ದಿಂಡುಗಳು ಉಬ್ಬುಗಳೇ ಅಲ್ಲ. ಇಳಿಜಾರಿನ ತಿರುವಿನಲ್ಲಿ ಅಂಥದ್ದನ್ನು ಹಾಕಿದರೆ, ಈಗ ಕೆಸರಿನಲ್ಲಿ ಜಾರುವ ಬೈಕು ನಾಳೆ ದಿಂಡಿಗೆ ಸಿಕ್ಕಿ ಹಾರುತ್ತದೆ. ಮರದ ದಿಮ್ಮಿ ಹೇರಿದ ಲಾರಿ ಒದ್ದೆ ರಸ್ತೆಯಲ್ಲಿ ತಟ್ಟನೆ ಬ್ರೇಕ್ ಒತ್ತಿದರೆ ಏನಾಗುವುದೆಂದು ನಾನು ವಿವರಿಸಬೇಕಿಲ್ಲ. ನಿಮ್ಮ ತಿರುವಿಗೆ ಬೇಕಾಗಿರುವುದು ತೆರೆದ ಮೋರಿ, ಸವರಿದ ಬೇಲಿ, ತಿರುವಿನ ಬಾಣದ ಫಲಕಗಳು ಮತ್ತು ಕಣಿವೆಯ ಬದಿಗೆ ತಡೆಬೇಲಿ. ಇದು ಸ್ಥಳ ನೋಡದೆ ಬರೆದ ಅಭಿಪ್ರಾಯವಾದ್ದರಿಂದ ನಿಮ್ಮ ಎರಡು ನಡಿಗೆಗಳು ಇದನ್ನು ತಿದ್ದಲಿ.

ಕೊನೆಗೆ ನಿರ್ಣಯ. ಮೂರು ಪಂಚಾಯಿತಿಗಳು ಮೂರು ಅರ್ಜಿ ಕೊಡಬೇಡಿ. ಒಂದೇ ಒಕ್ಕಣೆಯ ನಿರ್ಣಯವನ್ನು ಮೂರು ಕಡೆಯೂ ಅಂಗೀಕರಿಸಿ, ಅಪಘಾತ ಪುಸ್ತಕದ ಪ್ರತಿ, ಅಳತೆಯ ನಕ್ಷೆ ಮತ್ತು ಫೋಟೊಗಳೊಂದಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಸಲ್ಲಿಸಿ. ಮೋಟಾರು ವಾಹನ ಕಾಯ್ದೆ 1988ರ 215ನೆಯ ಕಲಮಿನಲ್ಲಿ ಇಂಥ ಸಮಿತಿಗೆ ಅವಕಾಶವಿದೆ. ಪೊಲೀಸ್, ಸಾರಿಗೆ ಮತ್ತು ಲೋಕೋಪಯೋಗಿ ಇಲಾಖೆಯವರು ಒಂದೇ ಮೇಜಿಗೆ ಬರುವ ಜಾಗ ಅದು. 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಕಲಮಿನಂತೆ, ರಸ್ತೆ ವಿನ್ಯಾಸ ಮತ್ತು ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರಕ್ಕೂ ಗುತ್ತಿಗೆದಾರರಿಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅದನ್ನು ಬೆದರಿಕೆಯಂತೆ ಬರೆಯುವುದು ಬೇಡ. ಲಿಖಿತ ಮಾಹಿತಿ ಇಂಥ ದಿನ ತಲುಪಿದೆ ಎಂಬ ಸ್ವೀಕೃತಿ ಮುದ್ರೆಯನ್ನು ಮಾತ್ರ ಮರೆಯದೆ ಪಡೆಯಿರಿ.

ಪ್ರಶ್ನೆ: ಜಿಲ್ಲೆಗೆಲ್ಲ ಒಂದು ಸಾರಿಗೆ ಯೋಜನೆ ಬೇಕೆಂದು ಈಚೆಗೆ ಕೆಲವರು ಹೇಳುತ್ತಿದ್ದಾರೆ. ಕೊಡಗೇನು ಬೆಂಗಳೂರೇ? ನಗರಸಭೆ ತನ್ನ ರಸ್ತೆ, ಪಂಚಾಯಿತಿ ತನ್ನ ರಸ್ತೆ ನೋಡಿಕೊಂಡರೆ ಸಾಲದೇ? — ಮಡಿಕೇರಿಯ ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಜನಸಂಖ್ಯೆಯನ್ನಷ್ಟೇ ನೋಡಿದರೆ ತಮ್ಮ ಮಾತು ಒಪ್ಪುವಂಥದ್ದೇ. 2011ರ ಜನಗಣತಿಯಂತೆ 4,102 ಚದರ ಕಿಲೋಮೀಟರಿನ ಈ ಜಿಲ್ಲೆಯಲ್ಲಿ 5.54 ಲಕ್ಷ ಜನರಿದ್ದರು, ಬೆಂಗಳೂರಿನ ಒಂದು ಮೂಲೆಗೆ ಸಾಲದಷ್ಟು. ಆದರೆ ರೈಲಿಲ್ಲದ ಜಿಲ್ಲೆ ಇದು. ಕಾಫಿ, ಕರಿಮೆಣಸು, ಅಕ್ಕಿ, ರೋಗಿ, ಪ್ರವಾಸಿ ಎಲ್ಲವೂ ಎಲ್ಲರೂ ರಸ್ತೆಯಲ್ಲೇ ಬರಬೇಕು, ಹೋಗಬೇಕು. 2018ರ ಆಗಸ್ಟಿನಲ್ಲಿ ಬರೆ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿದಾಗ ಮಂಗಳೂರಿನ ಕಡೆಯ ವಾಹನಗಳು ಭಾಗಮಂಡಲ, ಕರಿಕೆ, ಪಾಣತ್ತೂರಿನ ಕಿರಿದಾದ ದಾರಿ ಹಿಡಿಯಬೇಕಾಯಿತಲ್ಲ, ಅದನ್ನು ತಾವು ಮರೆತಿರಲಾರಿರಿ. ಹೆದ್ದಾರಿಯ ಭಾರ ಹಳ್ಳಿಯ ರಸ್ತೆಯ ಮೇಲೆ ಬಿತ್ತು. ಆ ದಾರಿಯ ಒಂದು ತುದಿ ಕೇರಳದಲ್ಲಿದೆ. ಯಾವ ಮೋರಿ ಎಷ್ಟು ಟನ್ ತಾಳುತ್ತದೆ, ಎದುರುಬದುರಾದ ಬಸ್ಸುಗಳು ಎಲ್ಲಿ ಸರಿದು ನಿಲ್ಲಬಹುದು ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಗುರುತಿಸಿಡುವುದು ಒಂದೇ ಪಂಚಾಯಿತಿಯ ಕೈಯಲ್ಲಾಗುವ ಕೆಲಸವಲ್ಲ. ಮಳೆಗಾಲದಲ್ಲಿ ಭಾರಿ ಸರಕು ವಾಹನಗಳನ್ನು ನಿರ್ಬಂಧಿಸಿ ಜಿಲ್ಲಾಧಿಕಾರಿಗಳು ಹೊರಡಿಸುವ ಆದೇಶ ಇಡೀ ಜಿಲ್ಲೆಯನ್ನು ಒಂದಾಗಿ ನೋಡುತ್ತದೆ ಎಂಬುದನ್ನೂ ಗಮನಿಸಿ. ನಿರ್ಬಂಧಕ್ಕೆ ಒಂದಾಗುವ ಜಿಲ್ಲೆ ಯೋಜನೆಗೆ ಏಕೆ ಒಂದಾಗಬಾರದು?

ತಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳಿ. ಅಬ್ಬಿ ಜಲಪಾತಕ್ಕೆ ಹೋಗುವ ಕಾರುಗಳು ನಗರಸಭೆಯ ಬೀದಿಗಳಲ್ಲಿ ಸಾಲು ನಿಂತು, ಆಮೇಲೆ ಗ್ರಾಮ ಪಂಚಾಯಿತಿಯ ಎಲ್ಲೆಯ ಕಿರಿದಾದ ದಾರಿಗೆ ಇಳಿಯುತ್ತವೆ. ನಿಲುಗಡೆಯ ಶುಲ್ಕ ಒಬ್ಬರಿಗೆ, ದಟ್ಟಣೆ ಮತ್ತು ಕಸ ಇನ್ನೊಬ್ಬರಿಗೆ. ಪೇಟೆಯ ಹೊರಗೆ ಕಾರು ನಿಲ್ಲಿಸಿ ಮಿನಿ ಬಸ್ಸಿನಲ್ಲಿ ಕರೆದೊಯ್ಯುವ ಏರ್ಪಾಡು ಶನಿವಾರ, ಭಾನುವಾರಗಳಿಗೆ ಮಾತ್ರವಾದರೂ ಜಾರಿಯಾಗಬೇಕಾದರೆ ಜಾಗ ಒಬ್ಬರದು, ರಸ್ತೆ ಮತ್ತೊಬ್ಬರದು, ಬಸ್ಸು ಮೂರನೆಯವರದು. ಕೆಎಸ್‌ಆರ್‌ಟಿಸಿಯ ಮಡಿಕೇರಿ ಘಟಕವಿರುವುದು ಪುತ್ತೂರು ವಿಭಾಗದಡಿ. ಖಾಸಗಿ ಬಸ್ಸುಗಳಿಗೆ ಪರವಾನಗಿ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಇವರೆಲ್ಲರನ್ನೂ ಒಟ್ಟಿಗೆ ಕೂರಿಸದೆ ಒಂದು ಬಸ್ಸಿನ ವೇಳಾಪಟ್ಟಿಯನ್ನೂ ಬದಲಿಸಲಾಗದು.

ಇದಕ್ಕೆ ಹೊಸ ಪ್ರಾಧಿಕಾರ ಹುಟ್ಟುಹಾಕಬೇಕೆಂದು ನಾನು ಹೇಳುವುದಿಲ್ಲ. ಇರುವ ಪ್ರಾಧಿಕಾರಗಳೇ ಸಾಕಷ್ಟಿವೆ. ಸಂವಿಧಾನದ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕೆಂದೂ, ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಯೋಜನೆಗಳನ್ನು ಅದು ಒಗ್ಗೂಡಿಸಬೇಕೆಂದೂ, ಇಬ್ಬರಿಗೂ ಸೇರಿದ ವಿಷಯಗಳನ್ನೂ ಮೂಲಸೌಕರ್ಯವನ್ನೂ ಪರಿಸರವನ್ನೂ ಗಮನದಲ್ಲಿಡಬೇಕೆಂದೂ ಹೇಳುತ್ತದೆ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿ ಚುನಾಯಿತರಿಂದಲೇ ಆರಿಸಿ ಬರಬೇಕು. ತೊಡಕಿರುವುದೇ ಇಲ್ಲಿ. ರಾಜ್ಯದ ಜಿಲ್ಲಾ ಪಂಚಾಯಿತಿಗಳ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಗ್ರಾಮಾಂತರದ ದನಿ ಕೇಳಿಸಬೇಕಾದ ಕುರ್ಚಿಗಳೇ ಖಾಲಿ ಉಳಿದವು. ಆ ಕುರ್ಚಿಗಳು ತುಂಬುವವರೆಗೆ ಮೇಲಿನ ಉತ್ತರದಲ್ಲಿ ಹೇಳಿದಂತೆ ಒಂದು ರಸ್ತೆಯ ಪಂಚಾಯಿತಿಗಳು ತಾವಾಗಿ ಸೇರಿ ಆ ರಸ್ತೆಯ ಮಟ್ಟಿಗಾದರೂ ಯೋಜನೆ ಮಾಡುವುದೇ ನನಗೆ ಕಾಣುವ ದಾರಿ. ಸಣ್ಣದೇ ಆದರೂ ನಾಳೆಯೇ ಶುರುಮಾಡಬಹುದಾದದ್ದು.

ಪ್ರಶ್ನೆ: ಕಾಫಿ ಕೊಯ್ಲಿನ ಸಮಯದಲ್ಲಿ ಕಾರ್ಮಿಕರನ್ನು ಪಿಕಪ್‌ನಲ್ಲಿ ನಿಲ್ಲಿಸಿಕೊಂಡು ಬರುತ್ತಾರೆ. ಪಂಚಾಯಿತಿ ಇದನ್ನು ತಡೆಯಬಹುದೇ? — ಸಿದ್ದಾಪುರದ ಓದುಗರು

ಉತ್ತರ: ಸರಕು ವಾಹನದಲ್ಲಿ ಹೀಗೆ ಜನರನ್ನು ಸಾಗಿಸುವುದು ಕಾನೂನುಬಾಹಿರ, ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತೊಡಕಾಗುತ್ತದೆ. ವಾಹನ ತಡೆದು ದಂಡ ಹಾಕುವ ಅಧಿಕಾರ ಪೊಲೀಸರಿಗೂ ಸಾರಿಗೆ ಇಲಾಖೆಗೂ ಇದೆ, ಪಂಚಾಯಿತಿಗಿಲ್ಲ. ಆದರೆ ಬರೀ ದಂಡದಿಂದ ಇದು ನಿಲ್ಲದು, ಏಕೆಂದರೆ ಬೆಳಿಗ್ಗೆ ಲೈನ್ ಮನೆಯಿಂದಲೋ (ತೋಟದ ಕಾರ್ಮಿಕರ ಸಾಲುಮನೆ) ಪಕ್ಕದ ಊರಿನಿಂದಲೋ ಹೊರಡುವ ಹೊತ್ತಿಗೆ ಅವರಿಗೆ ಬಸ್ಸಿರುವುದಿಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಯಾವ ಊರಿನಿಂದ ಯಾವ ತೋಟಕ್ಕೆ, ಎಷ್ಟು ಗಂಟೆಗೆ, ಸುಮಾರು ಎಷ್ಟು ಜನ ಹೋಗುತ್ತಾರೆಂದು ದಾರಿಯ ಪಂಚಾಯಿತಿಗಳು ಒಂದು ವಾರ ಎಣಿಸಿ, ಆ ಲೆಕ್ಕವನ್ನು ಬೆಳೆಗಾರರ ಮುಂದೆಯೂ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆಯೂ ಇಡಲಿ. ಮೂರು ನಾಲ್ಕು ತೋಟದವರು ಸೇರಿ ಒಂದು ಮಿನಿ ಬಸ್ಸನ್ನು ಬಾಡಿಗೆಗೆ ಗೊತ್ತುಮಾಡಿದರೆ ತಲೆಗೆ ಬೀಳುವ ವೆಚ್ಚ ಎಷ್ಟೆಂದು ಬೆಳೆಗಾರರೇ ಲೆಕ್ಕ ಹಾಕಿ ನೋಡಲಿ. ಎಣಿಕೆಯನ್ನು ಕೊಯ್ಲು ಶುರುವಾದ ಮೊದಲ ವಾರದಲ್ಲೇ ಮಾಡಿ. ಜನವರಿ ಕೊನೆಗೆ ಕೊಟ್ಟ ಅರ್ಜಿಗೆ ಬಸ್ಸು ಬರುವಷ್ಟರಲ್ಲಿ ಕಣದಲ್ಲಿ ಹರವಿದ ಕಾಫಿಯೂ ಒಣಗಿ ಮೂಟೆ ಸೇರಿರುತ್ತದೆ.