ಸಂಪಾದಕರ ಉತ್ತರ: ಹೈಡನ್ ಪಕ್ಕದಲ್ಲಿ ಹೊಸಬರಿಗೇನು ಕೆಲಸ?

ಓದುಗ ಮಿತ್ರರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ಹತ್ತು ದಿನವಾಯಿತು. ಸುಮ್ನೆ ಎರಡು ಸಾಲು ಗೀಚಿ ಮುಗಿಸುವ ಪತ್ರ ಅದಲ್ಲ. ಅದಕ್ಕೇ ತಡವಾಯಿತು, ಕ್ಷಮಿಸಿ.

ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ಹೋದ ಸಂಚಿಕೆಯಲ್ಲಿ ಒಂದು ಚೇಂಬರ್ ಆರ್ಕೆಸ್ಟ್ರಾ (ಸಣ್ಣ ವಾದ್ಯವೃಂದ) ಕಛೇರಿಯ ಬಗ್ಗೆ ಬರೆದಿದ್ದೆವು. ಶುರುವಿಗೆ ಮೊಜಾರ್ಟ್‌ನ 29ನೇ ಸಿಂಫನಿ (ಇಡೀ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ಕೃತಿ), ಕೊನೆಗೆ ಹೈಡನ್‌ನ 45ನೇ ಸಿಂಫನಿ. ನಡುವೆ ನಮ್ಮ ಕಾಲದ ಎರಡು ಕೃತಿಗಳು: ಕ್ಯಾರೊಲಿನ್ ಶಾ ಅವರ ‘ಆಂಟ್ರಾಕ್ಟ್’ ಮತ್ತು ಆರ್ವೊ ಪ್ಯಾರ್ಟ್ ಅವರ ‘ಕ್ಯಾಂಟಸ್’. ನಾವು ಬಾಯ್ತುಂಬ ಹೊಗಳಿದ್ದೆವು. ನೀವು ಒಪ್ಪಲಿಲ್ಲ. ‘ಹಾಲಿಗೆ ಹುಳಿ ಹಿಂಡಿದ ಹಾಗಾಯಿತು. ಹಳೆಯದು ಕೇಳಲು ಬಂದವರಿಗೆ ಹಳೆಯದನ್ನೇ ಕೊಡಲಿ, ಹೊಸದಕ್ಕೆ ಬೇರೆ ದಿನ ಇಟ್ಟುಕೊಳ್ಳಲಿ’ ಎಂದು ಬರೆದಿದ್ದೀರಿ.

ಮೊದಲು ನಿಮ್ಮ ಒಂದು ದೂರನ್ನು ಪೂರ್ತಿ ಒಪ್ಪುತ್ತೇನೆ. ಕೈಗೆ ಕೊಟ್ಟ ಕಾಗದದಲ್ಲಿ ಕೃತಿಯ ಹೆಸರು, ಬರೆದವರ ಹೆಸರು, ಅಷ್ಟೇ ಇತ್ತು. ಗೊತ್ತಿಲ್ಲದ ಸಂಗೀತವನ್ನು ಜನರ ಮುಂದೆ ಇಡುವಾಗ ಯಾರಾದರೂ ಎದ್ದು ಎರಡು ಮಾತು ಹೇಳಬೇಕಿತ್ತು. ಹೇಳಲಿಲ್ಲ, ಅದು ತಪ್ಪು. ನಮ್ಮ ಬರಹದಲ್ಲಿ ನಾವೂ ಅದನ್ನು ಹೇಳಲಿಲ್ಲ. ಅದು ನಮ್ಮ ತಪ್ಪು.

ಆದರೆ ನಿಮ್ಮ ಪತ್ರದ ಮೂರನೇ ಪುಟ ನನ್ನನ್ನು ಹಿಡಿದು ನಿಲ್ಲಿಸಿತು. ಹೈಡನ್ ಸಿಂಫನಿಯ ಕೊನೆಗೆ ಕಣ್ಣು ತುಂಬಿ ಬಂತು ಎಂದಿದ್ದೀರಿ. ಮನೆಯಲ್ಲಿ ಎಷ್ಟೋ ಸಲ ಕೇಳಿದ್ದರೂ ಹಿಂದೆಂದೂ ಹೀಗಾಗಿರಲಿಲ್ಲ ಎಂದೂ ಬರೆದಿದ್ದೀರಿ. ಅವತ್ತೇ ಯಾಕೆ ಹಾಗಾಯಿತು? ನುಡಿಸಿದವರು ಚೆನ್ನಾಗಿ ನುಡಿಸಿದರು, ನಿಜ. ಅದಷ್ಟೇ ಕಾರಣ ಅಲ್ಲ ಅನ್ನುವುದು ನನ್ನ ನಂಬಿಕೆ.

ನಾನು ಮೂರನೇ ಸಾಲಿನಲ್ಲಿದ್ದೆ. ‘ಆಂಟ್ರಾಕ್ಟ್’ ನಡೆಯುವಾಗ ನನ್ನ ಕಣ್ಣು ಒಬ್ಬ ವಿಯೋಲಾ (ವಯಲಿನ್‌ಗಿಂತ ಸ್ವಲ್ಪ ದೊಡ್ಡ ವಾದ್ಯ) ವಾದಕಿಯ ಎಡಗೈ ಮೇಲೆ ನೆಟ್ಟಿತ್ತು. ಬೆರಳುಗಳು ತಂತಿಯನ್ನು ಒತ್ತಿ ಹಿಡಿದಿದ್ದವು. ನಿಧಾನಕ್ಕೆ ಹಿಡಿತ ಸಡಿಲವಾಯಿತು. ಬೆರಳು ತಂತಿಯ ಮೇಲೇ ಇದೆ, ಆದರೆ ಒತ್ತುತ್ತಿಲ್ಲ. ಬಲಗೈಯ ಕಮಾನು ಮಾತ್ರ ನಿಲ್ಲದೆ ಓಡುತ್ತಿದೆ. ಸ್ವರ ಕರಗಿ ಬರೀ ಉಸಿರಿನಂಥ ಸದ್ದು ಉಳಿಯಿತು. ‘ವಾದ್ಯ ಕೆಟ್ಟಿರಬೇಕು ಅಂದುಕೊಂಡೆ’ ಎಂದು ನೀವು ಬರೆದದ್ದು ಈ ಜಾಗದ ಬಗ್ಗೆಯೇ ಅಲ್ವಾ?

ಶಾ ಇದನ್ನು 2011ರಲ್ಲಿ ನಾಲ್ಕು ತಂತಿವಾದ್ಯಗಳಿಗೆಂದು ಬರೆದರು. ಆಮೇಲೆ ತಂತಿವಾದ್ಯಗಳ ಆರ್ಕೆಸ್ಟ್ರಾಕ್ಕೆ ಹೊಂದಿಸಿದರು. ಬರೆಯಲು ಕಾರಣ ಯಾರು ಗೊತ್ತೇ? ನಿಮ್ಮ ಹೈಡನ್! ಅವನು 1799ರಲ್ಲಿ ಬರೆದ ಒಂದು ಕ್ವಾರ್ಟೆಟ್‌ನ (ನಾಲ್ಕು ತಂತಿವಾದ್ಯಗಳ ಕೃತಿ) ಮಿನುಯೆಟ್ ಎಂಬ ಕುಣಿತದ ಲಯದ ಭಾಗ ಕೇಳಿ, ಅದರ ನಡುವೆ ಸಂಗೀತ ಮೆಲ್ಲಗೆ ಬೇರೆ ಶ್ರುತಿಗೆ ಸರಿಯುವ ಜಾಗಕ್ಕೆ ಮನಸೋತು ಬರೆದದ್ದು ಈ ಕೃತಿ. ಹೈಡನ್ ಪಕ್ಕದಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಸುಮ್ಮನೆ ಅಲ್ಲ.

ವಾದ್ಯದಿಂದ ವಿಚಿತ್ರ ಸದ್ದು ಹೊರಡಿಸುವುದೂ ಇವತ್ತಿನ ಚಟ ಅಲ್ಲ. ಬೀಬರ್ ಎಂಬ ಸಂಗೀತ ರಚನಕಾರ 1673ರ ತನ್ನ ‘ಬಟಾಲಿಯಾ’ದಲ್ಲಿ ತಂತಿಯ ಕೆಳಗೆ ಕಾಗದ ಸಿಕ್ಕಿಸಿ ಯುದ್ಧದ ನಗಾರಿಯ ಸದ್ದು ತರಿಸಿದ್ದ.

ಇನ್ನು ‘ಕ್ಯಾಂಟಸ್’. 1976ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ತೀರಿಕೊಂಡರು. ಅವರ ನೆನಪಿಗೆ ಪ್ಯಾರ್ಟ್ 1977ರಲ್ಲಿ ಬರೆದದ್ದು. ತಂತಿವಾದ್ಯಗಳು, ಜೊತೆಗೆ ಒಂದೇ ಒಂದು ಗಂಟೆ. ಎಲ್ಲರೂ ನುಡಿಸುವುದು ಮೇಲಿನಿಂದ ಕೆಳಕ್ಕೆ ಇಳಿಯುವ ಅದೇ ಸ್ವರಗಳನ್ನು. ಮೊದಲ ವಯಲಿನ್‌ಗಳ ವೇಗದ ಅರ್ಧದಲ್ಲಿ ಎರಡನೆಯವು, ಅದರರ್ಧದಲ್ಲಿ ವಿಯೋಲಾ, ಹೀಗೇ ಎಲ್ಲಕ್ಕಿಂತ ಕೆಳಗಿನ ಸ್ವರದ ಡಬಲ್ ಬಾಸ್‌ವರೆಗೆ. ಒಂದೊಂದೇ ಗುಂಪು ತನ್ನ ಕೊನೆಯ ಸ್ವರ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಎಲ್ಲರೂ ಬಂದು ಸೇರಿದ ಮೇಲೆ ಆರ್ಕೆಸ್ಟ್ರಾ ಒಮ್ಮೆಗೇ ನಿಲ್ಲುತ್ತದೆ. ಆಗ ಗಂಟೆಯ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಆ ಕೊನೆಯ ಪೆಟ್ಟನ್ನು ಎಷ್ಟು ಮೆಲ್ಲಗೆ ಹೊಡೆದಿರುತ್ತಾರೆ ಎಂದರೆ, ತಂತಿಗಳ ಸದ್ದಿನಲ್ಲಿ ಅದು ಬಿದ್ದದ್ದೇ ನಮಗೆ ಗೊತ್ತಾಗಿರುವುದಿಲ್ಲ. ಅವತ್ತು ಆ ನಾದ ಆರುವ ತನಕ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಿಮಗೂ ನೆನಪಿರಬೇಕು.

ಇದಾದ ಮೇಲೆ ಬಂದದ್ದು ಹೈಡನ್. 1772ರ ಆ ಸಿಂಫನಿಯ ಕಥೆ ನಿಮಗೆ ಗೊತ್ತೇ ಇದೆ. ಹೈಡನ್‌ನನ್ನು ಕೆಲಸಕ್ಕಿಟ್ಟುಕೊಂಡಿದ್ದ ರಾಜಕುಮಾರ ಎಸ್ಟರ್‌ಹಾಜಿ ಬೇಸಿಗೆಯ ಅರಮನೆ ಬಿಟ್ಟು ಹೊರಡುವುದಿಲ್ಲ. ವಾದಕರಿಗೆ ಹೆಂಡತಿ ಮಕ್ಕಳ ಮುಖ ನೋಡುವ ಆಸೆ. ಅದನ್ನು ಹೈಡನ್ ಸಂಗೀತದಲ್ಲೇ ಹೇಳಿದ. ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ಮೇಣದಬತ್ತಿ ಆರಿಸಿ ಎದ್ದು ಹೋದರು. ಕೊನೆಗೆ ಉಳಿದದ್ದು ಎರಡೇ ವಯಲಿನ್.

ಮನೆಯಲ್ಲಿ ಕೇಳುವಾಗ ಆ ಕೊನೆಯ ಭಾಗ ಒಂದು ಚೆಂದದ ಉಪಾಯವಾಗಿ ಕೇಳಿಸುತ್ತದೆ. ನನಗೂ ಎಷ್ಟೋ ವರ್ಷ ಹಾಗೇ ಕೇಳಿಸುತ್ತಿತ್ತು. ಆದರೆ ಅವತ್ತು ಅದಕ್ಕೆ ಮುಂಚೆ ಸ್ವರ ಉಸಿರಾಗುವುದನ್ನು ಕೇಳಿದ್ದೆವು, ಗಂಟೆಯ ನಾದ ಆರುವುದನ್ನು ಕೇಳಿದ್ದೆವು. ಸದ್ದು ಬರಿದಾಗುವುದನ್ನು ಕೇಳಲು ಕಿವಿ ಪಳಗಿತ್ತು. ಹಾಗಾಗಿ ಓಬೋ ಎಂಬ ಊದುವ ವಾದ್ಯ ಎದ್ದು ಹೋದಾಗ ಅದರ ಜಾಗ ಖಾಲಿಯಾದದ್ದೂ ಕೇಳಿಸಿತು. ಡಬಲ್ ಬಾಸ್ ಹೋದಾಗ ಕಾಲ ಕೆಳಗಿನ ನೆಲವೇ ಹೋದ ಹಾಗಾಯಿತು. ಆ ಎರಡು ಹೊಸ ಕೃತಿಗಳನ್ನು ಬೇರೆ ದಿನಕ್ಕೆ ಎತ್ತಿಟ್ಟಿದ್ದರೆ ನಿಮ್ಮ ಕಣ್ಣು ತುಂಬುತ್ತಿತ್ತೇ? ನನಗಂತೂ ಅನುಮಾನ.

‘ಆ ಕಾಲದಲ್ಲಿ ಹೀಗೆ ಬೆರಕೆ ಮಾಡುತ್ತಿರಲಿಲ್ಲ’ ಅನ್ನುವುದು ನಿಮ್ಮ ಇನ್ನೊಂದು ಮಾತು. ಆ ಕಾಲದಲ್ಲಿ ಜನ ಕೇಳುತ್ತಿದ್ದುದು ಜಾಸ್ತಿ ಹೊಸದನ್ನೇ. 1783ರಲ್ಲಿ ಮೊಜಾರ್ಟ್ ಲಿಂಜ್ ಊರಿಗೆ ಬಂದಾಗ ಕೈಯಲ್ಲಿ ಒಂದೂ ಸಿಂಫನಿ ಇರಲಿಲ್ಲ. ಕಛೇರಿ ಮಾತ್ರ ನಿಗದಿಯಾಗಿತ್ತು. ಕೆಲವೇ ದಿನಗಳಲ್ಲಿ ಹೊಸದೊಂದನ್ನು ಬರೆದು ನುಡಿಸಿದ. ಮುಂದೆ ಸ್ವಿಟ್ಜರ್ಲೆಂಡಿನ ವಾದ್ಯವೃಂದ ನಿರ್ದೇಶಕ ಪೌಲ್ ಸಾಹರ್ 1926ರಲ್ಲಿ, ತನ್ನ ಇಪ್ಪತ್ತನೇ ವಯಸ್ಸಿನಲ್ಲಿ, ಬಾಸೆಲ್ ಚೇಂಬರ್ ಆರ್ಕೆಸ್ಟ್ರಾ ಕಟ್ಟಿದಾಗ ಹಳೆಯದನ್ನೂ ತೀರಾ ಹೊಸದನ್ನೂ ಜೊತೆಗೇ ನುಡಿಸಿದ. ಹಂಗೇರಿಯ ರಚನಕಾರ ಬಾರ್ಟೋಕ್‌ನ 1939ರ ‘ಡಿವರ್ಟಿಮೆಂಟೊ’ ಹುಟ್ಟಿದ್ದು ಅವನು ಕೇಳಿ ಬರೆಸಿದ್ದರಿಂದಲೇ.

ಹೊಸದೆಲ್ಲಾ ಚೆನ್ನಾಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಸಪ್ಪೆ ಕೃತಿಗಳನ್ನು ಕೂತು ಕೇಳಿ ಬೇಸತ್ತು ಬಂದದ್ದುಂಟು. ಹೈಡನ್ ಕಾಲದಲ್ಲೂ ಅಂಥವು ರಾಶಿ ಇದ್ದವು. ಕಾಲ ಅವನ್ನು ಜರಡಿ ಹಿಡಿದಿದೆ. ನಮ್ಮ ಕಾಲದ್ದನ್ನು ಜರಡಿ ಹಿಡಿಯಬೇಕಾದವರು ನಾವೇ, ಅದಕ್ಕೆ ಮೊದಲು ಕೇಳಬೇಕಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಹೈಡನ್‌ನ ಆ ಕ್ವಾರ್ಟೆಟ್, ಓಪಸ್ (ಕೃತಿ ಸಂಖ್ಯೆ) 77ರ ಎರಡನೆಯದು. ಅದರ ಮಿನುಯೆಟ್ ಮೊದಲು ಕೇಳಿ. ಸ್ವಲ್ಪವೂ ಬಿಡುವು ಕೊಡದೆ ‘ಆಂಟ್ರಾಕ್ಟ್’ ಹಾಕಿ. ಕೊನೆಯಲ್ಲಿ ಉಳಿದೆಲ್ಲ ವಾದ್ಯ ನಿಂತು, ಚೆಲ್ಲೋ ಮಾತ್ರ ತಂತಿಗಳನ್ನು ಮೀಟುತ್ತಾ ಉಳಿಯುವ ತನಕ ಕೂತಿರಿ. ಆಮೇಲೂ ಹಿಡಿಸದಿದ್ದರೆ ಅದನ್ನೇ ಬರೆದು ಕಳಿಸಿ. ಇನ್ನೂ ನಾಲ್ಕು ಪುಟವಾದರೂ ಸರಿ, ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ.

— ಸಂಪಾದಕ