ಗಾಲಿಯ ದಾರಿ: ಎಷ್ಟು ಮೆಟ್ಟಿಲು ಅಂತ ಕೇಳಿ

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರಿಗೆ ಬೈಕ್ ಅಪಘಾತವಾದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ನಾಲ್ಕು ವರ್ಷದಿಂದ ವೀಲ್‌ಚೇರೇ ಕಾಲು. ಅಂಗಡಿ ಬೋರ್ಡ್ ಬರೆಯುತ್ತಿದ್ದವರು, ಚಿತ್ರ ಅಂದರೆ ಪ್ರಾಣ. ಮಗಳು ಒಸಾಕಾದಲ್ಲಿ ಕೆಲಸಕ್ಕಿದ್ದಾಳೆ. ದ್ವೀಪಗಳ ಮೇಲೆ ಬಯಲಲ್ಲೇ ಕಲೆ ಇಟ್ಟಿದ್ದಾರಂತೆ, ನಾವೊಶಿಮಾ ಅಂತ, ಅಪ್ಪನಿಗೆ ತೋರಿಸಬೇಕು ಅನ್ನುತ್ತಾಳೆ. ಇವರು ‘ನನ್ನನ್ನು ಹೊತ್ತು ಸುಸ್ತಾಗ್ತೀರಿ, ನೀವೇ ಹೋಗಿ’ ಅಂತ ಕೂತಿದ್ದಾರೆ. ನೀವು ಹೋಗಿ ಬಂದವರು. ಹೇಳಿ, ಹೋಗಬಹುದಾ?
– ಓದುಗರು, ಸಾಗರ

ಉತ್ತರ: ಹೋಗಿ. ಆದರೆ ಎಲ್ಲವನ್ನೂ ನೋಡುತ್ತೇವೆ ಅಂತ ಹೋಗಬೇಡಿ.

ನಾನು ಹೋದದ್ದು 2019ರ ಅಕ್ಟೋಬರಿನಲ್ಲಿ. ಪೋಲಿಯೊ ಆದ ಕಾಲು, ಮಡಚುವ ವೀಲ್‌ಚೇರು, ತಳ್ಳಲು ಅಕ್ಕನ ಮಗಳು. ಆಗ ಅಲ್ಲಿ ಸೆತೊಉಚಿ ಕಲಾಮೇಳ ನಡೆಯುತ್ತಿತ್ತು. 2010ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಮೇಳ ಅದು. ಮೇಳದ ದಿನಗಳಲ್ಲಿ ದೋಣಿಗಳಲ್ಲಿ ಜಾತ್ರೆಯ ನೂಕುನುಗ್ಗಲು. ಮ್ಯೂಸಿಯಂಗಳು, ಬಯಲಿನ ಎಷ್ಟೋ ಶಿಲ್ಪಗಳು ಮೇಳ ಇಲ್ಲದಾಗಲೂ ಇರುತ್ತವೆ. ನೀವು ಆಗಲೇ ಹೋಗಿ.

ರೈಲಿನ ಚಿಂತೆ ಬಿಡಿ. ಸ್ಟೇಷನ್ನಿನವರಿಗೆ ಮುಂಚೆ ಹೇಳಿದರೆ ಮಡಚುವ ರ‍್ಯಾಂಪ್ ಹಿಡಿದು ಡಬ್ಬಿಯ ಬಾಗಿಲಿಗೇ ಬಂದು ನಿಲ್ಲುತ್ತಾರೆ, ಇಳಿಯುವ ಕಡೆಯೂ ಒಬ್ಬರು ಕಾದಿರುತ್ತಾರೆ. ಚಿಂತೆ ಶುರುವಾಗುವುದು ನೀರಿನ ಹತ್ತಿರ. ಸಾಗರದವರಿಗೆ ಸಿಗಂದೂರಿನ ಲಾಂಚ್ ಬಗ್ಗೆ ನಾನೇನು ಹೇಳಲಿ? ಬಸ್ಸು, ಕಾರು, ಜನ ಎಲ್ಲ ಒಂದೇ ಹಲಗೆಯ ಮೇಲೆ ಹತ್ತುತ್ತಿದ್ದರಲ್ಲ, ನಾವೊಶಿಮಾದ ಕಾರ್ ಫೆರ್ರಿಯೂ ಹಾಗೇ. ಉನೊ ಬಂದರಿನಿಂದ 20 ನಿಮಿಷ, ತಕಮತ್ಸುವಿನಿಂದ 50 ನಿಮಿಷ. ಕಾರು ಹೋಗುವ ಇಳಿಜಾರಿನಲ್ಲೇ ನನ್ನ ಕುರ್ಚಿಯೂ ಹೋಯಿತು. ಬೇಗ ತಲುಪುತ್ತದೆ ಅಂತ ಸಣ್ಣ ಸ್ಪೀಡ್ ಬೋಟಿಗೆ ಮಾತ್ರ ಟಿಕೆಟ್ ತೆಗೆಯಬೇಡಿ. ಇನ್ನೊಂದು ದ್ವೀಪಕ್ಕೆ ಹೊರಟಾಗ ನಾನು ಆ ತಪ್ಪು ಮಾಡಿದೆ. ಕಡಲು ಇಳಿದಿತ್ತು, ಹಲಗೆ ಏಣಿಯ ಹಾಗೆ ನಿಂತಿತ್ತು. ದೋಣಿಯವನು ತಲೆ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದ. ಕ್ಷಮೆಯಿಂದ ಕುರ್ಚಿ ಹತ್ತಲ್ಲ ನೋಡಿ. ಹುಡುಗಿಯನ್ನು ಕಳಿಸಿ ನಾನು ಕಟ್ಟೆಯ ಮೇಲೆ ಅನ್ನದುಂಡೆ ತಿಂದುಕೊಂಡು ಮೂರು ಗಂಟೆ ಕೂತೆ.

ನಾವೊಶಿಮಾದಲ್ಲಿ ಇಳಿಯುತ್ತಲೇ ಕಾಣುವುದು ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ ಅವರ ಚುಕ್ಕಿ ಚುಕ್ಕಿಯ ಕೆಂಪು ಕುಂಬಳಕಾಯಿ ಶಿಲ್ಪ. ಬಂದರಿನ ಪಕ್ಕ, ಸಮತಟ್ಟು ಜಾಗ. ಹಳದಿಯದು ದ್ವೀಪದ ಇನ್ನೊಂದು ಬದಿ, ಕಡಲಿಗೆ ಚಾಚಿದ ಕಟ್ಟೆಯ ತುದಿಯಲ್ಲಿ. 2021ರ ಆಗಸ್ಟಿನ ಚಂಡಮಾರುತದಲ್ಲಿ ಕಡಲಿಗೆ ಬಿದ್ದಿತ್ತು, ಮರುವರ್ಷ ಮತ್ತೆ ಕೂರಿಸಿದರು. ಬಣ್ಣದ ಡಬ್ಬ ಹಿಡಿದ ಕೈ ನಿಮ್ಮ ಯಜಮಾನರದು, ಆ ಚುಕ್ಕಿಗಳ ಮುಂದೆ ಅವರನ್ನು ಸುಮ್ನೆ ಬಿಟ್ಟುಬಿಡಿ.

ಅದೇ ದ್ವೀಪದ ಚಿಚೂ ಮ್ಯೂಸಿಯಂ ವಾಸ್ತುಶಿಲ್ಪಿ ತಡಾವೊ ಆಂಡೊ ಕಟ್ಟಿದ್ದು, 2004ರಲ್ಲಿ ತೆರೆದದ್ದು. ಹೆಚ್ಚುಕಡಿಮೆ ಪೂರ್ತಿ ನೆಲದೊಳಗೇ ಇದೆ. ಟಿಕೆಟ್ ಕೊಡುವ ಜಾಗದಿಂದ ಏರುದಾರಿ, ತಳ್ಳುವವರಿಗೆ ಬೆವರು ಗ್ಯಾರಂಟಿ. ಫ್ರಾನ್ಸಿನ ಚಿತ್ರಕಾರ ಮೋನೆಯ ನೈದಿಲೆಕೊಳದ ಚಿತ್ರಗಳಿರುವ ಕೋಣೆಗೆ ಚಪ್ಪಲಿ ಬಿಚ್ಚಿ ಹೋಗಬೇಕು. ಹಾಗಾದರೆ ಗಾಲಿಗೇನು ಮಾಡುವುದು? ಒರೆಸಿಕೊಂಡು ಬಿಡುತ್ತೀರಾ, ಅಲ್ಲಿನದೇ ಕುರ್ಚಿಗೆ ಬದಲಾಗಬೇಕಾ ಎಂದು ಮಗಳು ಮೊದಲೇ ಜಪಾನಿಯಲ್ಲಿ ಬರೆದು ಕೇಳಲಿ. ಅಮೆರಿಕದ ಕಲಾವಿದ ವಾಲ್ಟರ್ ಡಿ ಮರಿಯಾ ಅವರ ಕೋಣೆಯೇ ಒಂದು ದೊಡ್ಡ ಮೆಟ್ಟಿಲಸಾಲು, ನಡುವೆ ದೊಡ್ಡ ಕಲ್ಲಿನ ಗುಂಡು. ಅದನ್ನು ಕೆಳಗಿನಿಂದಲೇ ನೋಡಿ, ನನಗೇನೂ ನಷ್ಟ ಅನ್ನಿಸಲಿಲ್ಲ. ಹೊನ್ಮುರಾ ಹಳ್ಳಿಯ ಗೊಓ ಗುಡಿಯ ಸುರಂಗದ ಆಸೆ ಮಾತ್ರ ಬಿಡಿ. ಒಬ್ಬರು ನುಸುಳುವಷ್ಟೇ ಅಗಲ.

ಕೇಳುವಾಗ ‘ವೀಲ್‌ಚೇರಿಗೆ ಅನುಕೂಲ ಇದೆಯಾ’ ಅನ್ನಬೇಡಿ. ಎಲ್ಲರೂ ಇದೆ ಅನ್ನುತ್ತಾರೆ! ಎಷ್ಟು ಮೆಟ್ಟಿಲು, ಬಾಗಿಲು ಎಷ್ಟು ಅಗಲ, ಶೌಚಾಲಯ ಎಷ್ಟು ದೂರ ಎಂದು ಕೇಳಿ. 2024ರ ಏಪ್ರಿಲಿನಿಂದ ಅಲ್ಲಿ ಖಾಸಗಿಯವರೂ ಅಂಗವಿಕಲರಿಗೆ ತಕ್ಕಮಟ್ಟಿನ ಏರ್ಪಾಡು ಮಾಡಿಕೊಡಲೇಬೇಕು, ಕಾನೂನಿದೆ. ಸಂಕೋಚ ಬೇಡ.

ಆಮೇಲೆ ಒಗಿಜಿಮಾ ಅಂತ ಒಂದು ದ್ವೀಪ. ಗುಡ್ಡಕ್ಕೆ ಅಂಟಿದ ಊರು, ಬರೀ ಏರು, ಮೆಟ್ಟಿಲು. ಯಜಮಾನರಿಗೆ ಬಂದರಿನಿಂದ ಮೇಲೆ ದಾರಿ ಕಷ್ಟ. ಆದರೆ ಅಲ್ಲಿನ ಅಜ್ಜಿಯರು ‘ಒಂಬಾ’ ಅನ್ನುವ ತಳ್ಳುಗಾಡಿ ಹಿಡಿದು ಓಡಾಡುತ್ತಾರೆ. ತರಕಾರಿಗೂ ಅದೇ, ಊರುಗೋಲೂ ಅದೇ. ಕಲಾವಿದರು ಆ ಗಾಡಿಗಳಿಗೇ ಬಣ್ಣ ಬಳಿದು, ಅಲಂಕಾರ ಮಾಡಿ ಅದನ್ನೇ ಕಲೆ ಮಾಡಿದ್ದಾರೆ. ಬೋರ್ಡ್ ಬರೆಯುವವರಿಗೆ ಇದನ್ನು ಹೇಳಿ. ತಮ್ಮ ಕುರ್ಚಿಯ ಕಡೆ ಒಮ್ಮೆ ನೋಡಿಯಾರು.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ಜಪಾನಿನ ಕಲೆಯ ದ್ವೀಪಗಳ ಬಗ್ಗೆ ನೀವು ಬರೆದದ್ದನ್ನು ತಂಗಿ ಓದಿ ಹೇಳಿದಳು. ನನಗೆ ಹುಟ್ಟಿನಿಂದ ಕಣ್ಣಿಲ್ಲ. ಅಲ್ಲಿ ನನ್ನಂಥವನಿಗೆ ಏನಿದೆ ಮೇಡಂ?
– ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ಓಶಿಮಾ ಅನ್ನುವ ದ್ವೀಪ ಇದೆಯಪ್ಪಾ. 1909ರಲ್ಲಿ ಅಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಆಯಿತು. ಅವರನ್ನು ಕೂಡಿಹಾಕುವ ಕಾನೂನು ಹೋದದ್ದು 1996ರಲ್ಲಿ, ಕಾಯಿಲೆಗೆ ಮದ್ದು ಬಂದು ಎಷ್ಟೋ ದಶಕದ ಮೇಲೆ. ಕಾಯಿಲೆಯಿಂದ ಹಲವರಿಗೆ ಕಣ್ಣು ಹೋಗಿತ್ತು, ಬೆರಳಿನ ಸ್ಪರ್ಶವೂ ಹೋಗಿತ್ತು. ಉಳಿದದ್ದು ಕಿವಿ. ಅದಕ್ಕೇ ರಸ್ತೆಯುದ್ದಕ್ಕೂ ಸ್ಪೀಕರ್ ಇಟ್ಟು ಸಣ್ಣಗೆ ಸಂಗೀತ ಹಾಕಿದ್ದಾರೆ, ಅದನ್ನು ಕೇಳಿಕೊಂಡು ನಡೆಯಲಿ ಅಂತ. ಕಲಾಮೇಳ ಈ ದ್ವೀಪಕ್ಕೂ ಬರುತ್ತದೆ. ಅಲ್ಲಿ ಕಲಾವಿದರು ಇಟ್ಟದ್ದು ನನಗೆ ಅರ್ಧ ಮರೆತಿದೆ. ಆ ಸಂಗೀತ ಮರೆತಿಲ್ಲ.

ನಾವೊಶಿಮಾದಲ್ಲಿ ಮಿನಾಮಿದೆರಾ ಅನ್ನುವ ಕಟ್ಟಡವೂ ಇದೆ. ಒಳಗೆ ಬೆಳಕಿನಲ್ಲೇ ಕಲೆ ಮಾಡುವ ಜೇಮ್ಸ್ ಟರೆಲ್ ಅವರ ಕೃತಿ, ಕಗ್ಗತ್ತಲು. ಸ್ವಲ್ಪ ಹೊತ್ತು ಕೂತರೆ ಮಬ್ಬು ಬೆಳಕು ಕಾಣುತ್ತದೆ. ಅದು ನಿನಗೆ ಸಿಗುವುದಿಲ್ಲ, ಸುಳ್ಳು ಹೇಳಲಾರೆ. ಆದರೆ ಒಳಗೆ ಹೋಗುವಾಗ ಎಲ್ಲರೂ ಗೋಡೆ ತಡವಿಕೊಂಡೇ ಹೋಗಬೇಕು. ನನ್ನ ಹುಡುಗಿ ಎರಡು ಸಲ ಮುಂದಿನವರಿಗೆ ಡಿಕ್ಕಿ ಹೊಡೆದಳು. ನೀನಿದ್ದಿದ್ದರೆ ನಿನ್ನ ತೋಳು ಹಿಡಿದು ಹೋಗು ಅನ್ನುತ್ತಿದ್ದೆ.